ಶಾಲೆಯ ಸೂಜಿ, ಮನೆಯ ಸಹಿ

ಮಕ್ಕಳ ಲಸಿಕೆಯ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಎರಡು ಬಗೆಯ ಸಿಟ್ಟಿದೆ. ನಮ್ಮನ್ನು ಯಾಕೆ ಕೇಳಲಿಲ್ಲ ಎಂಬುದು ಒಂದು. ಪಕ್ಕದ ಮನೆಯವರನ್ನು ಯಾಕೆ ಕೇಳುತ್ತಾ ಕೂತಿದ್ದೀರಿ ಎಂಬುದು ಇನ್ನೊಂದು. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಐದನೇ ತರಗತಿಯಲ್ಲಿರುವ ಮಗ ಒಂದು ಸಂಜೆ ತೋಳು ಹಿಡಿದುಕೊಂಡು ಮನೆಗೆ ಬಂದ. ಶಾಲೆಯಲ್ಲಿ ಇಂಜೆಕ್ಷನ್ ಮಾಡಿದರಂತೆ. ಯಾವುದು ಅಂತ ಅವನಿಗೂ ಗೊತ್ತಿಲ್ಲ. ಟೀಚರಿಗೆ ಫೋನ್ ಮಾಡಿದರೆ "ಸರ್ಕಾರದ್ದು, ಎಲ್ಲರಿಗೂ ಹಾಕಿದಾರೆ" ಅಂದರು. ನಾನು ಲಸಿಕೆಯ ವಿರೋಧಿಯಲ್ಲ. ಆದರೆ ಬೇಲೂರು ಪ್ರವಾಸಕ್ಕೆ ಸಹಿ ಕೇಳುವವರು ಇದಕ್ಕೆ ಕೇಳಬೇಡವೇ?
– ಒಬ್ಬ ತಂದೆ, ತಿಪಟೂರು

ಉತ್ತರ: ಕೇಳಬೇಕಿತ್ತು. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಆ ವಯಸ್ಸಿಗೆ ಶಾಲೆಯಲ್ಲಿ ಹಾಕುವುದು ಸಾಮಾನ್ಯವಾಗಿ ಟಿ.ಡಿ. ಲಸಿಕೆ. ಧನುರ್ವಾಯು, ಗಂಟಲಮಾರಿ ಎರಡಕ್ಕೂ ಸೇರಿ ಒಂದೇ ಸೂಜಿ. 10ನೇ ವಯಸ್ಸಿಗೊಮ್ಮೆ, 16ಕ್ಕೊಮ್ಮೆ. ತೋಳು ಒಂದೆರಡು ದಿನ ನೋಯುತ್ತದೆ, ಕೆಲವರಿಗೆ ಸಣ್ಣಗೆ ಜ್ವರ ಬರುತ್ತದೆ. ಇಷ್ಟನ್ನೇ ಒಂದು ಚೀಟಿಯಲ್ಲಿ ಬರೆದು ಮಗನ ಚೀಲದಲ್ಲಿ ಕಳಿಸಿದ್ದರೆ ನೀವು ಈ ಪತ್ರ ಬರೆಯುತ್ತಲೇ ಇರಲಿಲ್ಲ.

ಕಾನೂನೂ ನಿಮ್ಮ ಕಡೆಗೇ ವಾಲುತ್ತದೆ. ದೆಹಲಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನಕ್ಕೆ ಪೋಷಕರ ಒಪ್ಪಿಗೆ ಬೇಕಿಲ್ಲ ಎಂದು ಅಲ್ಲಿನ ಸರ್ಕಾರ ಆದೇಶ ಹೊರಡಿಸಿತ್ತು. 2019ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿ, ಅಡ್ಡಪರಿಣಾಮಗಳನ್ನೂ ಪೋಷಕರಿಗೆ ತಿಳಿಸಬೇಕು ಎಂದಿತು. ಆ ತೀರ್ಪು ನಮ್ಮ ರಾಜ್ಯವನ್ನು ನೇರವಾಗಿ ಕಟ್ಟಿಹಾಕುವುದಿಲ್ಲ, ನಿಜ. ಆದರೆ 2022ರ ಮೇ 2ರಂದು ಕೋವಿಡ್ ಲಸಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಸಂವಿಧಾನದ 21ನೇ ವಿಧಿಯನ್ನು ಹಿಡಿದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿದೆ. ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧ ಹೇರಬಹುದು ಎಂದೂ ಅದೇ ತೀರ್ಪಿನಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ತುಣುಕಿನಲ್ಲಿ ಈ ಎರಡನೆಯ ಮಾತು ಇರುವುದಿಲ್ಲ.

ಒಪ್ಪಿಗೆಯನ್ನು ಹಗುರವಾಗಿ ತೆಗೆದುಕೊಂಡರೆ ಕೆಡುವುದು ಲಸಿಕೆಯ ಹೆಸರೇ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆ ಹಾಕಿದರು. ಖಮ್ಮಂನಲ್ಲಿ ಆದಿವಾಸಿ ಮಕ್ಕಳ ಹಾಸ್ಟೆಲುಗಳಿದ್ದವು. ಒಪ್ಪಿಗೆ ಪತ್ರಗಳಿಗೆ ಅಪ್ಪ-ಅಮ್ಮನ ಬದಲು ವಾರ್ಡನ್ನರು, ಮುಖ್ಯೋಪಾಧ್ಯಾಯರು ಸಾಲಾಗಿ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣವಾಗಿರುವ ಸಂಭವ ಬಹಳ ಕಡಿಮೆ ಎಂದೇ ತನಿಖಾ ಸಮಿತಿ ಹೇಳಿತು. ಯಾರು ನಂಬಬೇಕು? ತಾಯಿಗೆ ಗೊತ್ತಿಲ್ಲದೆ ಹಾಕಿದ ಸೂಜಿ ಅದು. 2010ರಲ್ಲಿ ಯೋಜನೆ ನಿಂತಿತು. ಒಳ್ಳೆಯದೊಂದು ಲಸಿಕೆ ನಮ್ಮ ದೇಶದಲ್ಲಿ ಎಷ್ಟೋ ವರ್ಷ ಹಿಂದೆ ಬಿತ್ತು.

ಹಾಗಂತ ಸಿಟ್ಟಿನಲ್ಲಿ 16ರ ಸೂಜಿ ತಪ್ಪಿಸಬೇಡಿ. ಗಂಟಲಮಾರಿಯನ್ನು ನಾನು ಓದುವಾಗ ಕಂಡಿದ್ದೇನೆ. ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಗಂಟಲಿನ ಹಿಂಬದಿಗೆ ಬೂದುಬಣ್ಣದ ಪೊರೆ ಅಂಟಿರುತ್ತದೆ, ಹಸಿ ಚರ್ಮದ ಹಾಗೆ. ಕೀಳಲು ಹೋದರೆ ರಕ್ತ ಬರುತ್ತದೆ. ಕತ್ತು ಊದಿ ದವಡೆಯೂ ಭುಜವೂ ಒಂದಾಗಿರುತ್ತವೆ. ಓದು-ಬರಹಕ್ಕೆ ಹೆಸರಾದ ಕೇರಳದಲ್ಲೇ, ಮಲಪ್ಪುರಂನಲ್ಲಿ, 2016ರಲ್ಲಿ ಅದು ಮರಳಿ ಬಂದು ಶಾಲಾ ವಯಸ್ಸಿನ ಮಕ್ಕಳು ಸತ್ತರು.

ಪ್ರಶ್ನೆ: ಸೂಜಿ ಮಾಡ್ತಾರಂತ ಸುದ್ದಿ ಹಬ್ಬಿದ ದಿನ ನಮ್ಮ ಶಾಲೆಗೆ ಅರ್ಧ ಮಕ್ಕಳು ಬರುವುದಿಲ್ಲ. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನದ ಹೊತ್ತಿನಲ್ಲಿ ಬಂದ ವಾಯ್ಸ್ ಮೆಸೇಜುಗಳು ಇವತ್ತಿಗೂ ತಿರುಗುತ್ತಿವೆ. ಹೋದ ವರ್ಷ ಹುಡುಗಿಯೊಬ್ಬಳು ತಲೆ ಸುತ್ತಿ ಬಿದ್ದಳು, ಹಿಂದೆಯೇ ಇನ್ನೂ ನಾಲ್ವರು ಬಿದ್ದರು. ಪಾಲಕರು ಗೇಟಿಗೆ ಬಂದು ಕೂಗಾಡಿದರು. ನಾವೇನು ಮಾಡಬೇಕು?
– ಮುಖ್ಯ ಶಿಕ್ಷಕಿ, ರಾಯಚೂರು ಜಿಲ್ಲೆ

ಉತ್ತರ: ಆ ಐದು ಹುಡುಗಿಯರು ಬಿದ್ದದ್ದು ಮದ್ದಿನಿಂದಲ್ಲ, ಸಾಲಿನಿಂದ ಎಂದು ನನ್ನ ಊಹೆ. ಬಿಸಿಲಿನ ಹಜಾರದಲ್ಲಿ ಖಾಲಿ ಹೊಟ್ಟೆಯಲ್ಲಿ ನಿಂತು, ಮುಂದಿನವರು ಕಿರುಚುವುದನ್ನು ನೋಡುತ್ತಾ ಒಂದೊಂದೇ ಹೆಜ್ಜೆ ಸರಿಯುವುದಿದೆಯಲ್ಲ, ದೊಡ್ಡವರಿಗೂ ಕಾಲು ನಡುಗುತ್ತದೆ. ಒಬ್ಬಳು ಬಿದ್ದರೆ ನೋಡಿದವರೂ ಬೀಳುತ್ತಾರೆ. ನಾಟಕವೇನಲ್ಲ, ಹೆದರಿಕೆಗೆ ರಕ್ತದೊತ್ತಡ ನಿಜವಾಗಿಯೂ ಇಳಿಯುತ್ತದೆ. ಹಾಗಾಗಿ ಬಿಸಿಯೂಟ ಮುಗಿದ ಮೇಲೆಯೇ ಶುರು ಮಾಡಿಸಿ. ಒಂದು ಕೋಣೆಯಲ್ಲಿ ಪರದೆ ಕಟ್ಟಿ, ಬೆಂಚಿನ ಮೇಲೆ ಕೂರಿಸಿ ಹಾಕಿಸಿ. ಆಮೇಲೆ ಅರ್ಧ ಗಂಟೆ ಇನ್ನೊಂದು ಕೋಣೆಯಲ್ಲಿ ಕಥೆ ಹೇಳಿ ಕೂರಿಸಿಕೊಳ್ಳಿ. ನಿಜವಾದ ಅಲರ್ಜಿ ಲಕ್ಷಾಂತರ ಮಕ್ಕಳಲ್ಲಿ ಒಬ್ಬರಿಗೆ ಆಗಬಹುದಾದದ್ದು. ಆದರೂ ಆ ಅರ್ಧ ಗಂಟೆ ಸಿಸ್ಟರ್ ಅಲ್ಲೇ ಇರಲಿ, ಪೆಟ್ಟಿಗೆಯಲ್ಲಿ ಅಡ್ರಿನಲಿನ್ ಇದೆಯೇ ಎಂದು ನೀವೇ ಕೇಳಿ.

ಚೀಟಿ ಮೂರು ದಿನ ಮೊದಲೇ ಮನೆಗೆ ಹೋಗಲಿ. ತಾಂಡಾದ ತಾಯಿಗೆ ಲಂಬಾಣಿಯಲ್ಲಿ, ಉರ್ದು ಮನೆಗಳಿಗೆ ಉರ್ದುವಿನಲ್ಲಿ ಆಶಾ ಕಾರ್ಯಕರ್ತೆ ಬಾಯಲ್ಲೇ ಹೇಳಲಿ. ಬೇಡ ಎಂದವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. ಇದನ್ನು ಮಾಡಿದ ಶಾಲೆಯೊಂದನ್ನು ಕಂಡಿದ್ದೇನೆ, ಮರುವರ್ಷ ಆ ಪಟ್ಟಿ ಉದ್ದವಾಯಿತು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮೆಸೇಜಿನ ಬೇರು 1998ರಲ್ಲಿ ಇಂಗ್ಲೆಂಡಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಬರೆದ ಲೇಖನ. ಅದರಲ್ಲಿದ್ದದ್ದು 12 ಮಕ್ಕಳು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಲೇಖನವನ್ನೇ ಹಿಂತೆಗೆದುಕೊಂಡಿತು, ಅವರ ವೈದ್ಯಕೀಯ ನೋಂದಣಿಯೂ ಹೋಯಿತು. 2019ರಲ್ಲಿ ಡೆನ್ಮಾರ್ಕಿನವರು ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಜಾಲಾಡಿದರು, ನಂಟು ಸಿಗಲಿಲ್ಲ.

ಇನ್ನೊಂದು ಉಪಾಯ ಹಳೆಯದು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ, ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದಿದೆ. ಒಬ್ಬಾಕೆ ಸೆರಗು ಸರಿಸಿ ತೋಳು ತೋರುತ್ತಿದ್ದಾಳೆ. ಮೈಲಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಂಡದ್ದನ್ನು ಪ್ರಜೆಗಳಿಗೆ ತೋರಿಸಲೆಂದೇ ಬರೆಸಿದ ಚಿತ್ರ ಅದು ಎಂದು ಕೆಲವು ಇತಿಹಾಸಕಾರರ ವಾದ. ನಿಮ್ಮ ಶಾಲೆಯ ಶಿಕ್ಷಕರ ಮಕ್ಕಳು ಎಲ್ಲರ ಎದುರು ಮೊದಲು ತೋಳು ಕೊಡಲಿ.

ಪ್ರಶ್ನೆ: ಐದು ವರ್ಷದ ಮೊಮ್ಮಗಳು ಮಗ-ಸೊಸೆಯ ಜೊತೆ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದಾಳೆ. ತಾಯಿ ಕಾರ್ಡಿನಲ್ಲಿ ಎಲ್ಲ ಲಸಿಕೆಗೂ ಟಿಕ್ ಇದೆ. ಸಾಲದೇ?
– ಅಜ್ಜ, ದಾವಣಗೆರೆ

ಉತ್ತರ: ಸಾಲದು. ಡಿಸ್ನಿಲ್ಯಾಂಡಿನಲ್ಲಿ ದಡಾರ ಹಬ್ಬಿದ ಮೇಲೆ ಆ ರಾಜ್ಯ 2015ರಲ್ಲಿ ಕಾನೂನು ಬದಲಿಸಿತು. ‘ನಮ್ಮ ನಂಬಿಕೆಗೆ ವಿರುದ್ಧ’ ಎಂಬ ಕಾರಣಕ್ಕೆ ಅಲ್ಲಿ ಈಗ ವಿನಾಯಿತಿಯಿಲ್ಲ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಮಂಗನಬಾವು, ಸೀತಾಳೆ ಸಿಡುಬಿನ ಲಸಿಕೆ ಇಲ್ಲ. ಅಲ್ಲಿ ಎರಡೂ ಬೇಕು. ಒಂಬತ್ತನೇ ತಿಂಗಳಲ್ಲಿ ಹಾಕಿಸಿದ ದಡಾರದ ಸೂಜಿಯನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಮೊದಲ ಹುಟ್ಟುಹಬ್ಬದ ನಂತರದ್ದೇ ಆಗಬೇಕು. ಬಾಯಿಗೆ ಹಾಕಿದ ಪೋಲಿಯೊ ಹನಿಗಳಿಗೂ ಅದೇ ಪಾಡು. ಹೊರಡುವ ಎರಡು-ಮೂರು ತಿಂಗಳ ಮೊದಲೇ ಮಕ್ಕಳ ವೈದ್ಯರನ್ನು ಕಾಣಿ. ಎರಡು ಸೂಜಿಗಳ ನಡುವೆ ಅಂತರ ಬೇಕಾಗುತ್ತದೆ. ತಾಯಿ ಕಾರ್ಡನ್ನು ಸೂಟ್‌ಕೇಸಿನಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ಪ್ರಶ್ನೆ: ನನ್ನ ಏಳು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಕೀಮೋ ನಡೆದಿದೆ, ನಡುವೆ ಶಾಲೆಗೆ ಹೋಗಲು ಡಾಕ್ಟರು ಒಪ್ಪಿದ್ದಾರೆ. ಅವಳ ತರಗತಿಯ ಹುಡುಗನ ತಾಯಿ ‘ನಮ್ಮದು ನ್ಯಾಚುರಲ್ ಇಮ್ಯುನಿಟಿ, ಒಂದೂ ಲಸಿಕೆ ಹಾಕಿಸಿಲ್ಲ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಇಂಥವರ ಮಕ್ಕಳನ್ನು ಶಾಲೆಗೆ ಸೇರಿಸಬಾರದು ಎಂದು ಕಾನೂನು ಯಾಕಿಲ್ಲ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ಕೀಮೋದಲ್ಲಿರುವ ಮಗುವಿಗೆ ದಡಾರದಂಥ ಜೀವಂತ ಲಸಿಕೆ ಹಾಕುವಂತಿಲ್ಲ. ಅವಳ ರಕ್ಷಣೆ ಇರುವುದು ಸುತ್ತಲಿನವರ ತೋಳಿನಲ್ಲಿ. ದಡಾರದ ವೈರಾಣು, ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆ ಇರಬಲ್ಲದು. ಅದನ್ನು ತಡೆಯಲು ನೂರಕ್ಕೆ 95 ಮಂದಿಗಾದರೂ ಲಸಿಕೆ ಆಗಿರಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರನ್ನು ಬಿಡಬಹುದು. ಆ ಇಬ್ಬರಲ್ಲಿ ಒಬ್ಬಳು ನಿಮ್ಮ ಮಗಳು. ಆಯ್ಕೆ ನನ್ನದು ಎನ್ನುವ ಆ ತಾಯಿ, ನಿಮ್ಮ ಮಗಳ ಪಾಲಿನ ಜಾಗವನ್ನೂ ತಾವೇ ಹಿಡಿದಿದ್ದಾರೆ. ಪೋಷಕರ ಹಕ್ಕನ್ನು ಮೊದಲ ಪತ್ರದಲ್ಲಿ ಅಷ್ಟು ಎತ್ತಿಹಿಡಿದ ನಾನು ಇಲ್ಲಿ ಅವರ ಪರವಾಗಿ ಮಾತಾಡಲಾರೆ.

ಆದರೂ ಶಾಲೆಯ ಬಾಗಿಲು ಮುಚ್ಚುವ ಕಾನೂನಿಗೆ ನನ್ನ ಕೈ ಏಳುವುದಿಲ್ಲ. ನಾನು ನೋಡಿದಂತೆ ನಮ್ಮಲ್ಲಿ ಲಸಿಕೆ ತಪ್ಪಿದ ಮಕ್ಕಳಲ್ಲಿ ಹೆಚ್ಚಿನವರು ಹೆಮ್ಮೆಯ ತಾಯಂದಿರ ಮಕ್ಕಳಲ್ಲ. ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ, ಕಟ್ಟಡದ ಕೆಲಸಕ್ಕೆ ಊರೂರು ಅಲೆಯುವವರ ಮಕ್ಕಳು. ಕಾರ್ಡು ಒಂದೂರಲ್ಲಿ, ಮಗು ಇನ್ನೊಂದೂರಲ್ಲಿ. ಕಾನೂನಿನ ಏಟು ಮೊದಲು ಬೀಳುವುದು ಅವರಿಗೆ. ಇಂಗ್ಲೆಂಡ್ 1853ರಲ್ಲಿ ಸಿಡುಬಿನ ಲಸಿಕೆ ಕಡ್ಡಾಯ ಮಾಡಿ ದಂಡ ಹಾಕುತ್ತಾ ಹೋಯಿತು. ದುಡ್ಡಿದ್ದವರು ಕಟ್ಟಿದರು, ಇಲ್ಲದವರ ಮನೆ ಸಾಮಾನು ಹರಾಜಾಯಿತು. 1885ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ಜನ ಭಾರೀ ಮೆರವಣಿಗೆ ತೆಗೆದರು. 1898ರಲ್ಲಿ ಸರ್ಕಾರ ಮಣಿದು ಮನಸ್ಸಾಕ್ಷಿಯ ವಿನಾಯಿತಿ ಕೊಟ್ಟಿತು.

ನೀವು ನಾಳೆಯೇ ಮಾಡಬಹುದಾದ್ದು ಇದೆ. ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಎರಡು ಕೇಳಿ. ಯಾವ ಮಗುವಿಗೇ ದಡಾರ ಬರಲಿ, ಗುಳ್ಳೆ ಕಾಣಿಸಿಕೊಂಡ ಮೇಲೆ ಕನಿಷ್ಠ ನಾಲ್ಕು ದಿನ ಶಾಲೆಗೆ ಬರಕೂಡದು. ಅಮ್ಮ ಆಗಿದೆ ಎಂದು ಬೇವಿನ ಸೊಪ್ಪು ಕಟ್ಟಿ ಮುಚ್ಚಿಡುವ ಮನೆಗಳಿಗೂ ಇದನ್ನು ತಿಳಿಸಿರಬೇಕು. ಎರಡನೆಯದು, ಸುದ್ದಿ ತಿಳಿದ ಗಳಿಗೆಯಲ್ಲೇ ನಿಮಗೆ ಫೋನ್ ಬರಬೇಕು. ಮಗಳು ಆ ಮಗುವಿನ ಹತ್ತಿರ ಕೂತಿದ್ದರೆ ಆರು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಕೊಡಿಸಬಹುದು. ಅಂದೇ ಕ್ಯಾನ್ಸರ್ ಡಾಕ್ಟರಿಗೆ ತಿಳಿಸಿ. ನಿಮ್ಮ ಮನೆಯವರೆಲ್ಲರ ಲಸಿಕೆ ಆಗಿದೆಯೇ ಎಂದೂ ನೋಡಿಕೊಳ್ಳಿ, ಶಾಲಾ ವ್ಯಾನಿನ ಡ್ರೈವರಣ್ಣನನ್ನೂ ಸೇರಿಸಿ.