ಸಹಿಯ ಪಕ್ಕದ ಒಂದು ಸಾಲು

ಬೆಂಗಳೂರಿನ ಅಂಜನಾಪುರ ಬಡಾವಣೆಯಲ್ಲಿ ಬಾಡಿಗೆಯ ಮನೆ ಹಿಡಿದು, ಕನಕಪುರ ರಸ್ತೆಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳ ಕಾಲ ಸಂಬಳದ ಲೆಕ್ಕ ಬರೆದವನು ನಾನು. ನೂರಾರು ಜನರ ವೇತನವನ್ನು ಪೈಸೆ ಬಿಡದೆ ಕೂಡಿ ಕಳೆದು ಬರೆದ ಈ ಕೈಗೆ ವೇತನವೆಂಬುದರ ಅರ್ಥವೇ ತಿಳಿದಿರಲಿಲ್ಲವೆಂಬುದು 2020ನೆಯ ಇಸವಿಯಲ್ಲಿ ನನಗೆ ಮನವರಿಕೆಯಾಯಿತು.

ಆ ವರ್ಷದ ಏಪ್ರಿಲ್‌ನಿಂದ ಸಲ್ಲಬೇಕಾಗಿದ್ದ ತುಟ್ಟಿಭತ್ಯೆಯ (ಡಿಎ) ಹೆಚ್ಚಳವನ್ನು, ಎಂದರೆ ತಿಂಗಳಿಗೆ ಸುಮಾರು 417 ರೂಪಾಯಿಯನ್ನು, ರಾಜ್ಯ ಸರ್ಕಾರವು ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದವು. ಅನೇಕ ಕಾರ್ಖಾನೆಗಳಲ್ಲಿ ಆ ಬಾಕಿ ಕೈಸೇರುವ ಹೊತ್ತಿಗೆ 2022 ಬಂದಿತ್ತು. ಕೋವಿಡ್ಡಿನಿಂದಾಗಿ ಬಸ್ಸಿಲ್ಲದ 2020ರ ಆ ದಿನಗಳಲ್ಲಿ ತಲಘಟ್ಟಪುರದಿಂದ ನಡೆದೇ ಬರುತ್ತಿದ್ದ ಹೊಲಿಗೆಯ ಹೆಂಗಸೊಬ್ಬಳು, ಸೆರಗಿಗಂಟಿದ ನೂಲಿನ ಎಳೆಗಳನ್ನು ಬಿಡಿಸಿಕೊಳ್ಳುತ್ತ ನನ್ನ ಮೇಜಿನ ಮುಂದೆ ನಿಂತು, “ಡಿಎ ಸೇರಿಸಿಲ್ಲವಲ್ಲ ಸಾರ್?” ಎಂದು ಕೇಳಿದಾಗ, ನಾನು ಪುಸ್ತಕದಿಂದ ತಲೆಯೆತ್ತದೆಯೇ “ಎಲ್ಲರಿಗೂ ಅಷ್ಟೇನಮ್ಮ” ಎಂದೆನು.

ಅದೇ ವರ್ಷದ ಜುಲೈ ತಿಂಗಳಲ್ಲಿ ನನ್ನ 18,500 ರೂಪಾಯಿ ಸಂಬಳ 13,000ಕ್ಕೆ ಇಳಿಯಿತು. ಮುಂಚಿತವಾಗಿ ನೋಟೀಸಿಲ್ಲ, ಮಾತಿಲ್ಲ. ನನ್ನ ಹೆಸರಿನೆದುರಿಗೆ ಆ ಅಂಕಿಯನ್ನು ಬರೆದವನೂ ನಾನೇ, ಅದರ ಮುಂದೆ ಸಹಿ ಮಾಡಿದವನೂ ನಾನೇ. ಮೂರು ತಿಂಗಳು ಹೀಗೆ ಕಳೆದ ಮೇಲೆ, ಮಗಳ ಶಾಲೆಯ ಶುಲ್ಕಕ್ಕೆ ದಾರಿಗಾಣದೆ ವ್ಯವಸ್ಥಾಪಕರಲ್ಲಿ ವಿಚಾರಿಸಿದರೆ, “ಸಹಿ ಹಾಕಿದ್ದೀರಲ್ಲ, ಒಪ್ಪಿದ ಹಾಗೇ ಅಲ್ಲವೇ? ಎಲ್ಲರಿಗೂ ಅಷ್ಟೇ” ಎಂದರು. ನನ್ನದೇ ಮಾತು ನನಗೆ ಹಿಂದಿರುಗಿದ ಆ ಕ್ಷಣದ ನಾಚಿಕೆಯನ್ನು ನಾನು ಇಂದಿಗೂ ಮರೆತಿಲ್ಲ.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋದೆನು. ಅಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಆಗಿನ ಕಾನೂನನ್ನು ಸಮಾಧಾನದಿಂದ ವಿವರಿಸಿದರು: 1936ರ ವೇತನ ಪಾವತಿ ಕಾಯಿದೆಯು ಯಾವ ಯಾವ ಕಾರಣಕ್ಕೆ ಕಡಿತ ಸಲ್ಲುವುದೆಂದು ಎಣಿಸಿ ಹೇಳಿದೆ, ಧಣಿಯ ವ್ಯಾಪಾರ ನಷ್ಟವು ಆ ಎಣಿಕೆಯಲ್ಲಿಲ್ಲ, ಕೆಲಸಗಾರನಿಗೆ ಪ್ರತಿಕೂಲವಾಗುವಂತೆ ವೇತನವನ್ನು ಬದಲಿಸಬೇಕಾದರೆ 1947ರ ಕೈಗಾರಿಕಾ ವಿವಾದ ಕಾಯಿದೆಯಂತೆ 21 ದಿನಗಳ ಮುನ್ಸೂಚನೆ ಅಗತ್ಯ, ಸಹಿಯಾದರೋ ಹಣ ಮುಟ್ಟಿತೆಂಬುದಕ್ಕೆ ಸಾಕ್ಷಿಯೇ ಹೊರತು ಹಕ್ಕನ್ನು ಬಿಟ್ಟುಕೊಟ್ಟುದಕ್ಕಲ್ಲ. ದೂರು ಮಾತ್ರ ಹನ್ನೆರಡು ತಿಂಗಳೊಳಗೆ ಬರಬೇಕೆಂದರು. (2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಈ ಅವಧಿ ಮೂರು ವರ್ಷ.)

ಮನೆಗೆ ಬಂದು ಟ್ರಂಕಿನ ತಳದಿಂದ ನೇಮಕದ ಆದೇಶವನ್ನೂ ಕಡೆಯ ಬಡ್ತಿಯ ಪತ್ರವನ್ನೂ ಹುಡುಕಿ ತೆಗೆದೆನು. ಅವೆರಡು ಇಲ್ಲದಿದ್ದಲ್ಲಿ ಒಪ್ಪಿದ ವೇತನ ಎಷ್ಟೆಂಬುದನ್ನು ಸ್ಥಾಪಿಸುವುದೇ ದುಸ್ತರವಾಗುತ್ತಿತ್ತು. ಮುಂದಿನ ತಿಂಗಳ ಪುಸ್ತಕದಲ್ಲಿ, ಕೈ ನಡುಗುತ್ತಿದ್ದರೂ, ಸಹಿಯ ಪಕ್ಕದಲ್ಲಿ “ಒಪ್ಪಿದ ವೇತನಕ್ಕಿಂತ ಕಡಿಮೆ, ಆಕ್ಷೇಪಣೆಯೊಡನೆ ಪಡೆದಿದ್ದೇನೆ” ಎಂದು ಬರೆದು, ಆ ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡೆನು. ಮೊದಲ ತಿಂಗಳೇ ಇದನ್ನು ಬರೆಯಬೇಕಾಗಿತ್ತು. ನಾನು ದೂರು ಕೊಟ್ಟು, ಎರಡು ವಿಚಾರಣೆಗಳಾದ ಮೇಲೆ ಕಾರ್ಖಾನೆಯವರು ಬಾಕಿಯನ್ನು ನಾಲ್ಕು ಕಂತುಗಳಲ್ಲಿ ಕೊಡಲು ಒಪ್ಪಿದರು.

ಮೊದಲನೆಯ ಕಂತು ಬಂದ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಹೊಲಿಗೆಯ ಸಾಲಿಗೆ ಹೋದೆನು. ಡಿಎ ಕೇಳಿದ್ದ ಆಕೆ ಬುತ್ತಿ ಬಿಚ್ಚುತ್ತಿದ್ದಳು. ಅಂದು ತಲೆಯೆತ್ತದೆ ಉತ್ತರಿಸಿದ್ದು ತಪ್ಪಾಯಿತೆಂದು ಹೇಳಿ, ತಡೆಹಿಡಿದ ಡಿಎಯ ಲೆಕ್ಕವನ್ನು ತಿಂಗಳು ತಿಂಗಳಾಗಿ ಬರೆದಿದ್ದ ಹಾಳೆಯನ್ನು ಅವಳ ಕೈಗೆ ಕೊಟ್ಟೆನು.