ಹಸುಗೂಸಿಗೆ ನಂಜೇರುವ ಗುರುತುಗಳು



ಹುಟ್ಟಿದ 28 ದಿನಗಳೊಳಗೆ ಹೊಕ್ಕುಳಿನಿಂದಾಗಲಿ, ತೊಳೆಯದ ಕೈಗಳಿಂದಾಗಲಿ, ಹೆರಿಗೆಯ ವೇಳೆಯಲ್ಲಾಗಲಿ ರೋಗಾಣುಗಳು ಕೂಸಿನ ಮೈ ಸೇರಿ, ರಕ್ತಕ್ಕೆ ನಂಜೇರುವದುಂಟು. ವೈದ್ಯರು ಇದನ್ನು ಸೆಪ್ಸಿಸ್ ಎನ್ನುತ್ತಾರೆ. ದೊಡ್ಡವರಾದರೆ ಜ್ವರದಿಂದ ನರಳಿ ತಮ್ಮ ಸಂಕಟವನ್ನು ಹೇಳಿಕೊಳ್ಳುವರು. ಕೂಸಾದರೋ ಅಳುವದನ್ನೇ ಬಿಟ್ಟು ಸುಮ್ಮನಾಗಬಹುದು. ಮೈ ಸುಡದೆ ತಣ್ಣಗಾಗಲೂಬಹುದು. "ಕೂಸು ಹಟವಿಲ್ಲದೆ ಮಲಗಿದೆ" ಎಂದು ಮನೆಯವರು ಸಂತೋಷಪಡುವ ಹೊತ್ತಿನಲ್ಲಿಯೇ ರೋಗವು ಬಲಿಯುತ್ತಿರುವದುಂಟು. ಆದದರಿಂದ ಸಿಂಗಟಗೆರೆಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಬಾಣಂತಿಯಿರುವ ಪ್ರತಿಯೊಂದು ಮನೆಯವರು ಈ ಐದು ಗುರುತುಗಳನ್ನು ಬಾಯಿಪಾಠ ಮಾಡತಕ್ಕದ್ದು.

1. ಹಾಲು. ಚೆನ್ನಾಗಿ ಕುಡಿಯುತ್ತಿದ್ದ ಕೂಸು ಮೊಲೆ ಚೀಪುವದನ್ನು ಬಿಡುವದು, ಇಲ್ಲವೆ ಬಲವಿಲ್ಲದೆ ಚೀಪುವದು.

2. ಉಸಿರು. ಕೂಸು ಅಳದಿರುವಾಗ ಗಡಿಯಾರ ನೋಡಿ ಪೂರಾ ಒಂದು ನಿಮಿಷ ಎಣಿಸಿರಿ. 60 ಅಥವಾ ಹೆಚ್ಚಾದರೆ ತಿರಿಗಿ ಎಣಿಸಿರಿ. ಆಗಲೂ ಹಾಗೆಯೇ ಇದ್ದರೆ, ಅಥವಾ ಉಸಿರೆಳೆಯುವಾಗ ಪಕ್ಕೆಗಳ ಕೆಳಗೆ ಎದೆಯು ಒಳಕ್ಕೆ ಸೆಳೆದರೆ, ಅಪಾಯವೆಂದು ತಿಳಿಯಿರಿ.

3. ಮೈಯ ಕಾವು. ಕಂಕುಳಲ್ಲಿಟ್ಟ ಥರ್ಮಾಮೀಟರು ಸೆಲ್ಸಿಯಸ್ ಲೆಕ್ಕದಲ್ಲಿ 37.5, ಫ್ಯಾರನ್‌ಹೀಟ್ ಲೆಕ್ಕದಲ್ಲಿ 99.5 ಮೀರುವದು; ಅಥವಾ 35.5ಕ್ಕಿಂತ, ಅಂದರೆ 95.9ಕ್ಕಿಂತ ಇಳಿಯುವದು. ಅದಿಲ್ಲದಿದ್ದರೆ ಪಾದವನ್ನೂ ಹೊಟ್ಟೆಯನ್ನೂ ಮುಟ್ಟಿ ನೋಡಿರಿ. ಎರಡೂ ತಣ್ಣಗಿದ್ದರೆ ಕೆಟ್ಟ ಗುರುತು.

4. ಚಲನೆ. ತಟ್ಟಿ ಎಬ್ಬಿಸಿದ ಹೊರತು ಅಲುಗಾಡದಿರುವದು, ಕೈಕಾಲು ಜೋಲುಬೀಳುವದು, ಸೆಳವು ಬರುವದು.

5. ಚರ್ಮ. ಹೊಕ್ಕುಳಲ್ಲಿ ಕೀವು ಅಥವಾ ಸುತ್ತಲೂ ಕೆಂಪು, ಮೈಮೇಲೆ ಕೀವುಗುಳ್ಳೆ, ಅಂಗೈ ಅಂಗಾಲುಗಳು ಹಳದಿಯಾಗುವದು.

ಇವುಗಳಲ್ಲಿ ಒಂದು ಕಂಡರೆ ಸಾಕು, ಎರಡನೆಯದಕ್ಕಾಗಿ ಕಾಯಬೇಡಿರಿ. ಬಾಲಗ್ರಹವೆಂದೂ ದೃಷ್ಟಿಯೆಂದೂ ತಾಯಿತ ಕಟ್ಟಿಸುವದರಲ್ಲಿ ಕಳೆದ ರಾತ್ರಿಯು ತಿರಿಗಿ ಸಿಕ್ಕುವದಿಲ್ಲ. 108ಕ್ಕೆ ಫೋನು ಮಾಡಿರಿ. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಗಲುವಂತೆ ಅಪ್ಪಿಸಿ, ಹೊದಿಸಿ, ಕುಡಿಯುವದಾದರೆ ಮೊಲೆ ಕೊಡುತ್ತಾ ಕಡೂರಿನ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ಸರಕಾರಿ ಆಸ್ಪತ್ರೆಗಳಲ್ಲಿ ಹಸುಗೂಸಿನ ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲವೆಂಬ ಏರ್ಪಾಡು 2011ರಲ್ಲಿ ಆಯಿತು.

ಹಳ್ಳಿಯವರಿಂದ ಇದು ಆಗುವದೋ ಎಂದು ಸಂದೇಹಪಡಬೇಡಿರಿ. ಮಹಾರಾಷ್ಟ್ರದ ಗಡಚಿರೋಲಿ ಸೀಮೆಯಲ್ಲಿ ವೈದ್ಯರಾದ ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು 39 ಹಳ್ಳಿಗಳಲ್ಲಿ ಅಲ್ಲಿಯ ಹೆಂಗಸರಿಗೇ ಗುರುತುಗಳನ್ನೂ ಚಿಕಿತ್ಸೆಯನ್ನೂ ಕಲಿಸಿದರು. ಇಂಥ ಏರ್ಪಾಡಿಲ್ಲದ ಹಳ್ಳಿಗಳೊಂದಿಗೆ ಹೋಲಿಸಿದಲ್ಲಿ, ಮೂರನೆಯ ವರುಷಕ್ಕೆ ಹಸುಗೂಸುಗಳ ಮರಣವು ನೂರಕ್ಕೆ 62ರಷ್ಟು ತಗ್ಗಿತೆಂದು 1999ರಲ್ಲಿ ಪ್ರಕಟವಾಯಿತು. ಈಗ ನಮ್ಮ ಊರುಗಳಲ್ಲಿಯೂ ಆಶಾ ಕಾರ್ಯಕರ್ತೆಯು 3, 7, 14, 21, 28, 42ನೆಯ ದಿನಗಳಲ್ಲಿ ಮನೆಗೆ ಬಂದು ಕೂಸನ್ನು ನೋಡತಕ್ಕದ್ದೆಂಬ ಕ್ರಮವುಂಟು. ಮನೆಯಲ್ಲಿ ಹೆರಿಗೆಯಾದರೆ ಮೊದಲನೆಯ ದಿನವೂ ಬರತಕ್ಕದ್ದು. ಆ ದಿನಗಳ ನಡುವಿನ ರಾತ್ರಿಗಳಲ್ಲಿ ಕಾಯತಕ್ಕವರು ಮನೆಯವರೇ. ಅವರು ಸಾಬೂನಿನಿಂದ ಕೈ ತೊಳೆಯದೆ ಕೂಸನ್ನು ಮುಟ್ಟಬಾರದು. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಶಿನ ಹಚ್ಚದೆ ಒಣಗಬಿಡಬೇಕು.

ಪ್ರಶ್ನೆಗಳು: ಸುಮ್ಮನಿರುವ ಕೂಸನ್ನು ಯಾಕೆ ಎಬ್ಬಿಸಿ ನೋಡಬೇಕು? ಉಸಿರನ್ನು ಎಷ್ಟು ಹೊತ್ತು ಎಣಿಸಬೇಕು? ಎಷ್ಟು ಗುರುತುಗಳು ಕಂಡರೆ ಹೊರಡಬೇಕು?