ದಂಡಿನ ಮದುವೆ ಪುಸ್ತಕ: ಕೋಲ್ಕತ್ತದ ದಾಖಲೆಗಳಲ್ಲಿ ಪೂರ್ವಿಕರನ್ನು ಹುಡುಕುವ ಬಗೆ

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅವನ ಮನೆತನವನ್ನು ಹುಡುಕಹೊರಟರೆ ಮಾತ್ರ ದಾರಿ ಕೋಲ್ಕತ್ತದ ಕಡೆ ತಿರುಗುತ್ತದೆ. 1776ರಲ್ಲಿ ಅವನ ಅಪ್ಪ, ಲೆಫ್ಟಿನೆಂಟ್ ಕರ್ನಲ್ ರಿಚ್ಮಂಡ್ ವೆಬ್‌ನ ಮಗಳು ಅಮೇಲಿಯಾಳನ್ನು ಮದುವೆಯಾದದ್ದು ಅಲ್ಲೇ. 1810ರಲ್ಲಿ ಅವನ ಅಣ್ಣ ರಿಚ್ಮಂಡ್, ಆನ್ ಬೀಚರ್‌ಳ ಕೈಹಿಡಿದದ್ದೂ ಅಲ್ಲೇ. ಈ ರಿಚ್ಮಂಡ್ ಮತ್ತು ಆನ್ ದಂಪತಿಯ ಮಗನೇ ಕಾದಂಬರಿಕಾರ ಥ್ಯಾಕರೆ.

ಮನೆತನ ಹುಡುಕುವವರಿಗೆ ಮದುವೆ ದಾಖಲೆಯಷ್ಟು ಉಪಕಾರ ಮಾಡುವ ಕಾಗದ ಇನ್ನೊಂದಿಲ್ಲ. ಒಂದೇ ನಮೂದಿನಲ್ಲಿ ಎರಡು ಮನೆತನ, ಗಂಡಿನ ದಳ, ಊರು, ಸಾಕ್ಷಿಗಳು ಎಲ್ಲ ಸಿಗಬಹುದು. ಬೆಂಗಳೂರು ದಂಡು, ಕೆಜಿಎಫ್, ಹುಬ್ಬಳ್ಳಿಯ ರೈಲ್ವೆ ಕಾಲೊನಿಗಳ ಎಷ್ಟೋ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ‘ಮುತ್ತಜ್ಜ ಬಂಗಾಳದ ಫಿರಂಗಿ ಪಡೆಯಲ್ಲಿದ್ದ’ ಎಂಬಂಥ ಮಾತು ಉಳಿದಿರುತ್ತದೆ. ಆ ಮಾತನ್ನು ಹಿಡಿದು ಹೊರಡುವ ಬಗೆ ಇಲ್ಲಿದೆ.

ಹಂತ 1: ಮನೆಯಿಂದ ಶುರುಮಾಡಿ

ನಿಮ್ಮಿಂದ ಹಿಂದಕ್ಕೆ ಹೋಗಿ, ತಲೆಮಾರುಗಳನ್ನು ಹಾರಿಸಬೇಡಿ. ಅಪ್ಪ-ಅಮ್ಮ, ಅಜ್ಜ-ಅಜ್ಜಿ, ಅವರ ಅಪ್ಪ-ಅಮ್ಮ ಹೀಗೆ ಹೆಸರು, ಊರು, ಅಂದಾಜು ವರ್ಷ ಬರೆದುಕೊಳ್ಳಿ. ಮನೆಯ ಬೈಬಲ್ಲಿನ ಮೊದಲ ಪುಟಗಳು, ಪಿಂಚಣಿ ಪತ್ರ, ಸಮಾಧಿ ಕಲ್ಲಿನ ಬರಹ ಎಲ್ಲವನ್ನೂ ನೋಡಿ. ಮೊದಲ ಮಹಾಯುದ್ಧದ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿಯಿರಿ. ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಅಲ್ಲಿ ಕೆತ್ತಿರುತ್ತವೆ.

ಹಂತ 2: ಪ್ರೆಸಿಡೆನ್ಸಿ ಯಾವುದೆಂದು ಖಚಿತ ಮಾಡಿಕೊಳ್ಳಿ

ಹೊಸಬರು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬಂಗಾಳ, ಮದ್ರಾಸ್, ಬೊಂಬಾಯಿ ಎಂಬ ಮೂರು ಪ್ರೆಸಿಡೆನ್ಸಿಗಳಿಗೆ, ಅಂದರೆ ಪ್ರಾಂತ್ಯಗಳಿಗೆ, ಮೂರು ಪ್ರತ್ಯೇಕ ಸೈನ್ಯಗಳಿದ್ದವು. ಆ ಸೈನ್ಯಗಳು ಒಂದಾದದ್ದು 1895ರಲ್ಲಿ. ಚರ್ಚುಗಳ ಲೆಕ್ಕವೂ ಹಾಗೆಯೇ ಮೂರು ಭಾಗ. ಕೋಲ್ಕತ್ತ, ದಮ್‌ದಮ್, ಬ್ಯಾರಕ್‌ಪುರದಿಂದ ಹಿಡಿದು ಮೇರಠ್, ಆಗ್ರಾದವರೆಗಿನ ಮದುವೆಗಳು ಬಂಗಾಳದ ಪುಸ್ತಕಗಳಲ್ಲಿರುತ್ತವೆ. 1809ರಲ್ಲಿ ಶುರುವಾದ ಬೆಂಗಳೂರು ದಂಡು, ಬಳ್ಳಾರಿ, ಮಂಗಳೂರು, ಮಡಿಕೇರಿಯವು ಮದ್ರಾಸಿನಲ್ಲಿ. ಬೆಳಗಾವಿ, ಧಾರವಾಡದವನ್ನು ಬೊಂಬಾಯಿಯಲ್ಲಿ ನೋಡಿ. ಆ ಭಾಗದಲ್ಲಿ ಮದ್ರಾಸಿನ ಪಡೆಗಳೂ ಇದ್ದುದರಿಂದ, ಸಿಗದಿದ್ದರೆ ಮದ್ರಾಸಿನಲ್ಲೂ ಹುಡುಕಿ.

ಪೂರ್ವಿಕ ಕಂಪನಿ ಸೈನ್ಯದವನೋ, ಇಂಗ್ಲೆಂಡಿನಿಂದ ಬಂದುಹೋಗುತ್ತಿದ್ದ ರಾಜನ ಸೈನ್ಯದವನೋ ಎಂಬುದನ್ನೂ ತಿಳಿದುಕೊಳ್ಳಿ. ಎರಡನೆಯವನಾದರೆ ಅವನ ದಳ ಊರೂರು ಸುತ್ತಿರುತ್ತದೆ. ಮೂರೂ ಪ್ರೆಸಿಡೆನ್ಸಿಗಳನ್ನು ಜಾಲಾಡಬೇಕಾಗಬಹುದು.

ಹಂತ 3: ಸೂಚಿಯಲ್ಲಿ ಹುಡುಕಿ

ಪಾದ್ರಿಗಳು ಬರೆದ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬಂಗಾಳದ್ದು ಎನ್/1 ಸರಣಿ, 1713ರಿಂದ. ಮದ್ರಾಸಿನದು ಎನ್/2, 1698ರಿಂದ. ಬೊಂಬಾಯಿಯದು ಎನ್/3, 1709ರಿಂದ. ಹೀಗಾಗಿ ಕೋಲ್ಕತ್ತದ ಮದುವೆಯನ್ನು ಹುಡುಕಲು ಮೊದಲ ದಿನವೇ ಕೋಲ್ಕತ್ತಕ್ಕೆ ರೈಲು ಹತ್ತಬೇಕಾಗಿಲ್ಲ. ಫ್ಯಾಮಿಲಿಸರ್ಚ್ ತಾಣದಲ್ಲಿ ಸೂಚಿ ಉಚಿತ. ಬ್ರಿಟಿಷ್ ಭಾರತದ ಕುಟುಂಬಗಳ ಬಗ್ಗೆ ಕೆಲಸ ಮಾಡುವ ಫಿಬಿಸ್ ಎಂಬ ಸಂಘದ ತಾಣದಲ್ಲಿ ಹುಡುಕಾಟವೂ ಉಚಿತ. ಪುಟಗಳ ಚಿತ್ರ ನೋಡಲು ಫೈಂಡ್‌ಮೈಪಾಸ್ಟ್‌ಗೆ ಚಂದಾ ಕಟ್ಟಬೇಕು.

ಹುಡುಕುವಾಗ ಮೊದಲು ಮನೆತನದ ಹೆಸರು ಮಾತ್ರ ಹಾಕಿ, ವರ್ಷಕ್ಕೆ ಹಿಂದೆ ಮುಂದೆ ಐದೈದು ವರ್ಷ ಸಡಿಲ ಕೊಡಿ. ಕಾಗುಣಿತ ಬದಲಿಸಿ ನೋಡಿ: ಪಾದ್ರಿ ಕಿವಿಗೆ ಬಿದ್ದಂತೆ ಬರೆದಿದ್ದಾನೆ, ನಕಲು ಮಾಡಿದವನು ಕಣ್ಣಿಗೆ ಕಂಡಂತೆ. ಗಂಡಿನ ಹೆಸರಿನಲ್ಲಿ ಸಿಗದಿದ್ದರೆ ಹೆಣ್ಣಿನ ಹೆಸರು ಹಿಡಿಯಿರಿ.

ಹಂತ 4: ಮೂಲ ಪುಟವನ್ನು ಓದಿ

ಸೂಚಿಯಲ್ಲಿ ಸಿಕ್ಕಿತೆಂದು ನಿಲ್ಲಬೇಡಿ. ಹುದ್ದೆ, ದಳ, ಸಾಕ್ಷಿಗಳು ಸೂಚಿಯಲ್ಲಿ ಬಿಟ್ಟುಹೋಗಿರುತ್ತವೆ. ಹಳೆಯ ನಮೂದುಗಳಲ್ಲಿ ದಿನಾಂಕ ಮತ್ತು ಹೆಸರುಗಳ ಆಚೆ ಹೆಚ್ಚೇನೂ ಇರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದೀಚೆಗೆ ವಯಸ್ಸು, ತಂದೆಯ ಹೆಸರು, ಅವಿವಾಹಿತರೋ ವಿಧುರರೋ ವಿಧವೆಯೋ ಎಂಬುದೆಲ್ಲ ಕಾಣಿಸುತ್ತದೆ. ಹುದ್ದೆಯ ಕಾಲಂನಲ್ಲಿ ‘ಕಂಡಕ್ಟರ್’ ಎಂದಿದ್ದರೆ ಅವನು ಮದ್ದುಗುಂಡು, ಸಾಮಾನು ನೋಡಿಕೊಳ್ಳುವ ಇಲಾಖೆಯ ವಾರಂಟ್ ಅಧಿಕಾರಿ. ‘ಗನ್ನರ್’ ಎಂದಿದ್ದರೆ ಫಿರಂಗಿ ಪಡೆಯವನು. ಬಂಗಾಳ ಫಿರಂಗಿ ಪಡೆಯ ಕೇಂದ್ರ ಬಹುಕಾಲ ದಮ್‌ದಮ್‌ನಲ್ಲಿತ್ತು. ಸಹಿಯ ಜಾಗದಲ್ಲಿ ಗುಣಿಸು ಗುರುತಿದ್ದರೆ ಓದುಬರಹ ಬಾರದವರೆಂದು ತಿಳಿಯಿರಿ.

ಸಾಮಾನ್ಯ ಸೈನಿಕ ಮದುವೆಯಾಗಲು ದಳದ ಮುಖ್ಯಾಧಿಕಾರಿಯ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಸಿಕ್ಕವರ ಹೆಂಡತಿಗೆ ಮಾತ್ರ ದಂಡಿನಲ್ಲಿ ಮನೆ, ಪಡಿ. ಒಪ್ಪಿಗೆಯಿಲ್ಲದೆ ಮದುವೆಯಾದವರೂ ಇದ್ದರು. ದಳದ ಪಟ್ಟಿಯಲ್ಲಿ ಹೆಸರಿಲ್ಲವೆಂದು ಮದುವೆಯೇ ಆಗಿಲ್ಲ ಎಂದುಕೊಳ್ಳದೆ ಚರ್ಚಿನ ಪುಸ್ತಕ ನೋಡಿ.

ಹಂತ 5: ವಧುವಿನ ಬೆನ್ನುಹತ್ತಿ

ಸೈನಿಕನ ಜಾಡು ಸೈನ್ಯದ ಕಡತಗಳಲ್ಲೂ ಉಳಿದಿರುತ್ತದೆ. ಹೆಣ್ಣಿನ ತವರು ಉಳಿಯುವುದು ಹೆಚ್ಚಾಗಿ ಮದುವೆಯ ಈ ಪುಟದಲ್ಲೇ. ಮೇಲಿನ ಥ್ಯಾಕರೆ ಮನೆತನವನ್ನೇ ತೆಗೆದುಕೊಳ್ಳಿ. ರಿಚ್ಮಂಡ್ 1815ರಲ್ಲಿ ತೀರಿಕೊಂಡ. ಆನ್ 1817ರಲ್ಲಿ ಬಂಗಾಳ ಎಂಜಿನಿಯರ್ಸ್‌ನ ಹೆನ್ರಿ ಕಾರ್ಮೈಕಲ್-ಸ್ಮಿತ್‌ನನ್ನು ಮದುವೆಯಾದಳು. ಇಂಥ ಎರಡನೆಯ ಮದುವೆಯ ನಮೂದಿನಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ ಮೊದಲ ಗಂಡನ ಮನೆತನದ ಹೆಸರೇ ಇರುತ್ತದೆ. ಅದನ್ನೇ ತವರಿನ ಹೆಸರೆಂದು ನಂಬಿದರೆ ಬೇರೆಯವರ ವಂಶವೃಕ್ಷಕ್ಕೆ ನೀರೆರೆದಂತೆ. ‘ವಿಧವೆ’ ಎಂದು ಕಂಡ ಕೂಡಲೇ ಮೊದಲ ಮದುವೆಗೆ ಹಿಂದಿರುಗಿ. ಗಂಡ ಸತ್ತ ಕೆಲವೇ ತಿಂಗಳಲ್ಲಿ ದಂಡಿನ ಹೆಂಗಸರು ಮತ್ತೆ ಮದುವೆಯಾಗುತ್ತಿದ್ದದ್ದು ಅಪರೂಪವೇನಲ್ಲ.

ಮಕ್ಕಳ ಹೆಸರುಗಳನ್ನೂ ಗಮನಿಸಿ. ತಾಯಿಯ ತವರಿನ ಹೆಸರನ್ನು ಮಗನಿಗಿಡುವ ರೂಢಿಯಿತ್ತು. ಅಮೇಲಿಯಾಳ ಅಪ್ಪ ರಿಚ್ಮಂಡ್ ವೆಬ್, ಮಗ ರಿಚ್ಮಂಡ್ ಥ್ಯಾಕರೆ.

ವಧು ಭಾರತೀಯಳಾಗಿದ್ದರೆ ಬರಿಯ ಕ್ರೈಸ್ತ ಹೆಸರೊಂದೇ ಸಿಗಬಹುದು. ಮದುವೆಗೆ ಮುಂಚೆ ಆಕೆಗೆ ದೀಕ್ಷಾಸ್ನಾನ ಆಗಿರುವ ಸಾಧ್ಯತೆ ಇದೆ. ಅದೇ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಹಿಂದಿನ ಕೆಲವು ವಾರಗಳನ್ನು ನೋಡಿ. ಚರ್ಚಿನಲ್ಲಿ ಮದುವೆಯೇ ಆಗದೆ ಬಾಳಿದ ಜೋಡಿಗಳನ್ನು ಹುಡುಕಲು ಹೆಚ್ಚಾಗಿ ಉಯಿಲುಗಳೇ ಗತಿ.

ಹಂತ 6: ಎರಡನೆಯ ಪುರಾವೆ ತನ್ನಿ

ಒಂದೇ ದಳದಲ್ಲಿ ಇಬ್ಬರು ಜಾನ್ ಸ್ಮಿತ್‌ಗಳಿರಬಹುದು. ಮದುವೆ ಪುಟದ ದಳ, ಹುದ್ದೆ, ಸಾಕ್ಷಿಯ ಹೆಸರುಗಳಲ್ಲಿ ಕಡೇಪಕ್ಷ ಎರಡು ಇನ್ನೊಂದು ದಾಖಲೆಗೆ ತಾಳೆಯಾಗಬೇಕು. ಬಂಗಾಳ ಸೈನ್ಯದ ಅಧಿಕಾರಿಯಾದರೆ ಮೇಜರ್ ಹಾಡ್ಸನ್ ನಾಲ್ಕು ಸಂಪುಟಗಳಲ್ಲಿ ಸಿದ್ಧಪಡಿಸಿದ 1758ರಿಂದ 1834ರವರೆಗಿನ ಅಧಿಕಾರಿಗಳ ಪಟ್ಟಿ ನೋಡಿ. ಸಾಕ್ಷಿಗಳಲ್ಲಿ ವಧುವಿನ ಅಪ್ಪನೋ ಅಕ್ಕನೋ ಇದ್ದರೆ ಅರ್ಧ ಕೆಲಸ ಮುಗಿಯಿತು.

ಹಂತ 7: ಆಮೇಲೆ ಕೋಲ್ಕತ್ತಕ್ಕೆ ಹೋಗಿ

ದಿನಾಂಕ, ಚರ್ಚು ಗೊತ್ತಾದ ಮೇಲೆ ಹೊರಡಿ. ರಾಜ್ಯಪಾಲರ ನಿವಾಸದ ಬಳಿಯ ಸೇಂಟ್ ಜಾನ್ಸ್ ಚರ್ಚು 1787ರದು. 1847ರಲ್ಲಿ ಸೇಂಟ್ ಪಾಲ್ಸ್ ಬರುವವರೆಗೆ ಇದೇ ಅಲ್ಲಿನ ಆಂಗ್ಲಿಕನ್ ಕೆಥೆಡ್ರಲ್ ಆಗಿತ್ತು. ಕ್ಯಾಥೊಲಿಕ್ ಮನೆತನವಾದರೆ ಮುರ್ಗಿಹಟ್ಟಾದ ಪೋರ್ಚುಗೀಸ್ ಚರ್ಚನ್ನು ವಿಚಾರಿಸಿ. ಯಾವ ಚರ್ಚಿಗೇ ಆಗಲಿ, ಹೆಸರು ಮತ್ತು ದಿನಾಂಕ ಬರೆದು ಮೊದಲೇ ಪತ್ರ ಹಾಕಿ. ‘ನಮ್ಮ ವಂಶದ ಬಗ್ಗೆ ಏನಾದರೂ ಇದೆಯೇ’ ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ಕೋಲ್ಕತ್ತದ ಕೋಟೆ ಫೋರ್ಟ್ ವಿಲಿಯಂ ಇಂದಿಗೂ ಸೈನ್ಯದ ನೆಲೆ, ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. 1767ರಲ್ಲಿ ತೆರೆದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದ ಕಲ್ಲುಗಳನ್ನು ಮಾತ್ರ ನೋಡದೆ ಬರಬೇಡಿ. ಗಂಡನ ಕಲ್ಲಿನ ಮೇಲೆ ಹೆಂಡತಿಯ ಹೆಸರು ಸಿಗುವುದುಂಟು.

ಪೂರ್ವಿಕ ಸಿಪಾಯಿಯಾಗಿದ್ದರೆ

ಹಿಂದೂ, ಮುಸ್ಲಿಂ ಸಿಪಾಯಿಗಳ ಮದುವೆ ಈ ಪುಸ್ತಕಗಳಲ್ಲಿ ಇಲ್ಲ. ಅವರಿಗೆ ಕುಟುಂಬ ಪಿಂಚಣಿಯ ಕಾಗದ ಮತ್ತು ದಳದ ರೆಕಾರ್ಡ್ ಆಫೀಸೇ ಆಧಾರ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು. ಸೈನಿಕ ಸಂಖ್ಯೆ ಕೊಟ್ಟು ಬರೆಯಿರಿ. ಮಹಾಯುದ್ಧಗಳಲ್ಲಿ ಸತ್ತವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ದಾಖಲೆ ಉಚಿತವಾಗಿ ಸಿಗುತ್ತದೆ. ಅನೇಕ ನಮೂದುಗಳಲ್ಲಿ ತಂದೆಯ ಅಥವಾ ಹೆಂಡತಿಯ ಹೆಸರು, ಊರು ಇರುತ್ತವೆ.

ಸಿಕ್ಕ ಪ್ರತಿ ನಮೂದಿಗೂ ಸರಣಿ, ಸಂಪುಟ, ಪುಟ ಸಂಖ್ಯೆ ಬರೆದಿಡಿ. ಹುಡುಕಿ ಸಿಗದ ವರ್ಷಗಳನ್ನೂ ಬರೆದಿಡಿ, ಅದೇ ಪುಸ್ತಕ ಎರಡು ಸಲ ತಿರುವುವುದು ತಪ್ಪುತ್ತದೆ. ಒಂದು ಮದುವೆ ಖಚಿತವಾದ ಮೇಲೆ ಅಲ್ಲಿಂದ ಮುಂದಕ್ಕೆ ಮಕ್ಕಳ ದೀಕ್ಷಾಸ್ನಾನ ಹುಡುಕಿ. ಇಪ್ಪತ್ತು ಮೂವತ್ತು ವರ್ಷ ಹಿಂದಕ್ಕೆ ವಧುವಿನ ತಂದೆತಾಯಿಯ ಮದುವೆ ಹುಡುಕಿ, ಮತ್ತೆ ಎರಡನೆಯ ಹಂತದಿಂದ.